ಮಸಿ ಮಾಮ ಮುಚ್ಚಿದ ಚಿಮಣಿಗಳು

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಬೀದಿಯಲ್ಲಿ ಯಾರೂ ಅದನ್ನು ಬಳಸುತ್ತಿರಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವನು ಮಸಿ ಮಾಮ. ಚಿಮಣಿ ಗುಡಿಸುವುದು ಅವನ ಕಸುಬು. ಆ ಊರಿನಲ್ಲಿ ಚಳಿಗಾಲ ಬಂದರೆ ಕಾಲು ಚಾಚಿ ಮಲಗಿಬಿಡುತ್ತಿತ್ತು, ಬೇಗ ಏಳುತ್ತಿರಲಿಲ್ಲ. ಹಾಗಾಗಿ ಪ್ರತಿ ಮನೆಯ ನಡುಕೋಣೆಯಲ್ಲೂ ಕಲ್ಲಿದ್ದಲ ಒಲೆ, ಒಲೆಯಿಂದ ಮಾಡು ದಾಟಿ ಮೇಲಕ್ಕೆ ಹೋಗುವ ಇಟ್ಟಿಗೆಯ ಚಿಮಣಿ. ಮಸಿ ಮಾಮ ಹಗ್ಗದ ತುದಿಗೆ ಕಬ್ಬಿಣದ ಗುಂಡು, ಗುಂಡಿನ ಮೇಲೆ ತಂತಿಯ ಬ್ರಷ್ಷು ಕಟ್ಟಿ ಮಾಡಿನ ಮೇಲಿಂದ ಚಿಮಣಿಯೊಳಗೆ ಇಳಿಬಿಟ್ಟು ಉಜ್ಜುತ್ತಿದ್ದ. ಕೆಳಗೆ ಒಲೆಯ ಬಾಯಿಗೆ ಒದ್ದೆ ಗೋಣಿ ಹೊದಿಸಿರುತ್ತಿದ್ದ. ಗುಡಿಸಿ ಹೋದ ಮೇಲೆ ನೆಲದಲ್ಲಿ ಒಂದು ಚಿಟಿಕೆ ಮಸಿ ಕಂಡರೂ ಕರೆಯಿರಿ ಎಂದು ಹೇಳಿ ಹೋಗುವುದು ಅವನ ರೂಢಿ. ಯಾರೂ ಕರೆದದ್ದಿಲ್ಲ.

ಸಂಜೆ ಮನೆಗೆ ಬಂದರೆ ಹೆಂಡತಿ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. "ಒಳಗೆ ಬರೋದು ನೀವಾ, ನಿಮ್ಮ ಮಸಿಯಾ? ಮೊದಲು ತೀರ್ಮಾನ ಮಾಡ್ಕೊಳ್ಳಿ." ಅವನು ಹಿತ್ತಲಿಗೆ ಸುತ್ತುಹಾಕಿ, ಬಟ್ಟೆ ಬದಲಿಸಿ, ಮುಖ ತೊಳೆದು ಬರುತ್ತಿದ್ದ. ಆದರೂ ಕಿವಿಯ ಹಿಂದೆ ಒಂದಿಷ್ಟು ಉಳಿದಿರುತ್ತಿತ್ತು. ಅವಳೇ ಸೆರಗಿನ ತುದಿ ಒದ್ದೆ ಮಾಡಿ ಒರೆಸುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ಬೀದಿಯ ಮಕ್ಕಳೆಲ್ಲ ಮಾಮಾ ಮಾಮಾ ಎಂದು ಹಿಂದೆ ಬರುತ್ತಿದ್ದುದರಿಂದ ಆ ಕೊರತೆ ಅಷ್ಟಾಗಿ ಕಾಡಿರಲೂ ಇಲ್ಲ.

ಆ ಬೀದಿಯಲ್ಲಿ ಅವನ ಮಾತಿಗೆ ತೂಕವಿತ್ತು. "ಇವತ್ತು ಒಲೆ ಹಚ್ಚಬೇಡಿ, ಒಳಗೆ ಇಟ್ಟಿಗೆ ಬಿದ್ದಿದೆ" ಎಂದು ಅವನು ಹೇಳಿದರೆ, ಮನೆಯವರು ಎಷ್ಟೇ ಚಳಿಯಿದ್ದರೂ ಕಂಬಳಿ ಹೊದ್ದು ಕೂರುತ್ತಿದ್ದರು. ಹೊಗೆ ಮನೆಯೊಳಗೆ ತಿರುಗಿದರೆ ಮಲಗಿದವರು ಮಲಗಿದಲ್ಲೇ ಹೋಗಿಬಿಡುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ತಮ್ಮ ಜೀವ ಅವನ ಹಗ್ಗದ ತುದಿಯಲ್ಲಿದೆ ಎಂದು ನಿವೃತ್ತ ಟೀಚರಮ್ಮ ನಗುತ್ತ ಹೇಳುವುದಿತ್ತು. ಆಕೆ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದರು. ಮದುವೆಯಾದವರಲ್ಲ. ಚಿಕ್ಕವನಿದ್ದಾಗ ಮಸಿ ಮಾಮನಿಗೂ ಮಗ್ಗಿ ಬಾಯಿಪಾಠ ಮಾಡಿಸಿದವರು ಅವರೇ. ಅವನ ಕೂದಲು ಬೆಳ್ಳಗಾದರೂ ಅವರು ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದರು.

ಹೆಂಡತಿಗೆ ಕೆಮ್ಮು ಹತ್ತಿದ್ದು ನಡುವಯಸ್ಸಿನಲ್ಲಿ. ಅದುವರೆಗೆ ಹೋಗುತ್ತಿದ್ದ ಇಸ್ತ್ರಿ ಅಂಗಡಿಯ ಕೆಲಸ ಬಿಟ್ಟಳು. ಬರಬರುತ್ತ ಚಳಿಗಾಲ ಬಂತೆಂದರೆ ಮಲಗಲಾಗದೆ ದಿಂಬಿಗೆ ದಿಂಬು ಒಟ್ಟಿ, ಒರಗಿ ಕೂತು ನಿದ್ದೆ ಮಾಡುವಂತಾಯಿತು. ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, "ಮನೇಲಿ ಒಲೆ ಯಾವುದು?" ಎಂದರು. ಕಲ್ಲಿದ್ದಲು ಎಂದಾಗ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಹಾಗಿದ್ರೆ ನಾನು ಏನು ಬರೆದುಕೊಟ್ರೂ ಅಷ್ಟೇ."

ಊರ ಹೊಗೆಗೆಲ್ಲ ದಾರಿ ಮಾಡಿಕೊಟ್ಟವನಿಗೆ ತನ್ನ ಹೆಂಡತಿಯ ಎದೆಯ ಹೊಗೆ ತೆಗೆಯಲಾಗಲಿಲ್ಲವಲ್ಲ ಎಂಬುದು ಮಸಿ ಮಾಮನನ್ನು ಒಳಗೇ ಕೊರೆಯಿತು.

ಕಲ್ಲಿದ್ದಲ ಒಲೆಗಳನ್ನು ತೆಗೆಸಬೇಕೆಂದು ನಗರಸಭೆ ಹೇಳತೊಡಗಿದ್ದು ಆಗಲೇ. ಒಲೆಯ ಬದಲು ಕರೆಂಟಿನಿಂದ ಮನೆ ಬೆಚ್ಚಗೆ ಮಾಡುವ ಹೀಟ್ ಪಂಪ್. ಮಾಡಿನ ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಸೋಲಾರ್ ಹಲಗೆ. ಖರ್ಚಿನ ಬಹುಪಾಲು ಸರ್ಕಾರದ್ದು. ಕೆಲಸ ವಹಿಸಿಕೊಂಡ ಕಂಪನಿಯ ಕಡೆಯಿಂದ ಒಬ್ಬ ಚುರುಕು ಹುಡುಗ ಬಂದ. ಯಾವಾಗಲೂ ಬೂದುಬಣ್ಣದ ಕೋಟಿನಲ್ಲಿರುತ್ತಿದ್ದುದರಿಂದ ಬೀದಿಯವರು ಅವನನ್ನು ಕೋಟಿನವನು ಎಂದರು. ಅವನು ಬೀದಿಯಲ್ಲಿ ಒಂದು ಸುತ್ತು ಹಾಕಿ, ನಾಲ್ಕು ಜನರನ್ನು ಮಾತಾಡಿಸಿ, ನೇರವಾಗಿ ಮಸಿ ಮಾಮನ ಬಾಗಿಲು ತಟ್ಟಿದ.

"ಅಂಕಲ್, ಮೊದಲು ನಿಮ್ಮನೇದು ಮಾಡೋಣ. ಮಾದರಿ ಮನೆ. ಊರೆಲ್ಲ ಬಂದು ನೋಡ್ಲಿ."

"ಅಲ್ಲಪ್ಪಾ, ನನ್ನ ಕಸುಬೇ ಚಿಮಣಿ. ನನ್ನ ಅನ್ನದ ತಟ್ಟೆ ನಾನೇ ಒದೀಲಾ?"

ಕೋಟಿನವನು ಉತ್ತರ ಹುಡುಕುವಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿಸಿತು. ಕೆಮ್ಮು ನಿಲ್ಲುವವರೆಗೆ ಇಬ್ಬರೂ ಬಾಗಿಲಲ್ಲೇ ನಿಂತಿದ್ದರು. ಬೇಗ ನಿಲ್ಲಲಿಲ್ಲ. ಮಸಿ ಮಾಮ ಹೂಂ ಎಂದ.

ಮಾದರಿ ಮನೆಯ ಕೆಲಸವನ್ನು ಕಂಪನಿಯವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದರು. ಹೊರಗೋಡೆಗೆ ಉಣ್ಣೆಯಂಥ ದಪ್ಪ ಹಾಸು ಮೆತ್ತಿ ಮೇಲೆ ಗಾರೆ ಎಳೆದರು. ಮಾಡಿನ ಒಳಗೂ ಅದನ್ನೇ ತುಂಬಿದರು. ಕಿಟಕಿಗಳಿಗೆ ಜೋಡಿ ಗಾಜು. ಕೋಣೆಗಳಲ್ಲಿ ಬಿಸಿನೀರು ಹರಿಯುವ ಅಗಲವಾದ ರೇಡಿಯೇಟರುಗಳು. ಹಿತ್ತಲಲ್ಲಿ ಫ್ಯಾನಿರುವ ದೊಡ್ಡ ಪೆಟ್ಟಿಗೆ; ಹೊರಗಿನ ಗಾಳಿಯಲ್ಲಿರುವ ಚೂರುಪಾರು ಶಾಖವನ್ನೇ ಹೀರಿ ಮನೆಯೊಳಕ್ಕೆ ತಳ್ಳುತ್ತದೆ ಎಂದರು. "ಚಳಿಗಾಳೀಲಿ ಶಾಖ ಎಲ್ಲಿಂದ ಬರುತ್ತೋ! ಕಲ್ಲಲ್ಲಿ ಹಾಲು ಕರೆದ ಹಾಗಾಯ್ತು" ಎಂದು ಹೆಂಡತಿ ನಕ್ಕಳು. ಒಲೆ ಕಿತ್ತ ದಿನ ತನ್ನ ಮನೆಯ ಚಿಮಣಿಯ ಬಾಯಿಯನ್ನು ಮಸಿ ಮಾಮನೇ ಇಟ್ಟಿಗೆಯಿಟ್ಟು ಮುಚ್ಚಿದ. ಬೇರೆಯವರ ಕೈಗೆ ಕರಣೆ ಕೊಡಲಿಲ್ಲ.

ಆ ಚಳಿಗಾಲ ಹೆಂಡತಿ ಮೈ ಚಾಚಿ ಮಲಗಿ ನಿದ್ದೆ ಮಾಡಿದಳು. ಬೆಳಿಗ್ಗೆ ಎದ್ದವನು ಅವಳ ಕೆಮ್ಮು ಕೇಳಿಸದೆ ಗಾಬರಿಯಾಗಿ ಮೂಗಿನ ಹತ್ತಿರ ಕೈಯಿಟ್ಟು ನೋಡಿದ. ಅವಳು ಕಣ್ಣು ಬಿಡದೆಯೇ, "ಇನ್ನೂ ಇದ್ದೀನಿ, ಕಾಫಿಗಿಡಿ" ಎಂದಳು. ಅವನಿಗೆ ಅಳು ಬಂದಿತು, ನಗುವೂ ಬಂದಿತು.

ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರೇ ಇಲ್ಲ. ಗುಡಿಸಲು ಹೋದ ಮನೆಯಲ್ಲೆಲ್ಲ ಇದೇ ಮಾತು. "ಈ ಗುಂಡು ಇನ್ನು ಯಾಕೆ ಬೇಕು ಹೇಳಿ? ಬಂದು ನಮ್ಮನೆ ನೋಡಿ. ನನ್ನ ಹೆಂಡ್ತೀನ ನೋಡಿ." ಕಂಪನಿಯವರು ತಮ್ಮ ಹೆಸರು ಹೊಲಿದಿದ್ದ ಒಂದು ಹಸಿರು ಜಾಕೆಟ್ಟು ಕೊಟ್ಟರು, ಅದನ್ನೇ ತೊಟ್ಟು ತಿರುಗಾಡಿದ. ಅದರಾಚೆಗೆ ಅವರಿಂದ ಅವನು ಒಂದು ಬಿಡಿಗಾಸು ಮುಟ್ಟಿದವನಲ್ಲ. ಅದನ್ನು ಮುಂದೆ ಯಾರೂ ನಂಬಲಿಲ್ಲ.

ಬೀದಿಯ ಮೂಲೆಯ ಬೇಕರಿಯವನು ಹಟಮಾರಿ. "ಮಾಮ, ಒಲೆ ಕಣ್ಣಿಗೆ ಕಾಣುತ್ತೆ. ಕೆಟ್ರೆ ನಿಮ್ಮನ್ನ ಕರೀತೀನಿ. ಆ ಪೆಟ್ಟಿಗೆ ಕೆಟ್ರೆ ಯಾರನ್ನ ಕರೀಲಿ?"

"ನನ್ನನ್ನೇ ಕರಿ. ನಾನೇನು ಊರು ಬಿಟ್ಟು ಹೋಗ್ತೀನಾ?"

ಆ ಒಂದು ಮಾತಿಗೆ ಬೇಕರಿಯವನು ತನ್ನ ಮನೆಗೂ ಹೂಂ ಎಂದ. ಟೀಚರಮ್ಮನಿಗಂತೂ ವಿವರಿಸಬೇಕಾಗಿಯೂ ಬರಲಿಲ್ಲ. ಕನ್ನಡಕವನ್ನು ಹಣೆಗೆ ಏರಿಸಿ, "ನೀನು ಸರಿ ಅಂದ್ಯಾ? ಹಾಗಿದ್ರೆ ಸರಿ. ಎಲ್ಲಿ ರುಜು ಹಾಕ್ಬೇಕು ತೋರ್ಸು" ಎಂದರು. ಒಬ್ಬರಾದ ಮೇಲೆ ಒಬ್ಬರು, ಇಡೀ ಬೀದಿ ಒಪ್ಪಿತು.

ಬೇಸಿಗೆಯಲ್ಲಿ ಕೆಲಸ ಶುರುವಾಯಿತು. ಈ ಸಲ ಬಂದ ಆಳುಗಳು ಬೇರೆ. ಒಂದು ಮನೆಯ ಕೆಲಸ ಮುಗಿಯುವ ಮೊದಲೇ ಇನ್ನೊಂದರ ಬಾಗಿಲಲ್ಲಿ ಏಣಿ ಇಡುತ್ತಿದ್ದರು. ಪೆಟ್ಟಿಗೆಗಳು ಚಿಕ್ಕವು. ಗೋಡೆಗೆ ಮೆತ್ತುವ ಹಾಸಿನ ಸುಳಿವೇ ಇರಲಿಲ್ಲ. ಮಸಿ ಮಾಮ ಕೋಟಿನವನನ್ನು ತಡೆದು ಕೇಳಿದ.

"ಏನಪ್ಪಾ, ಗೋಡೆಗೆ ಏನೂ ಹಾಕ್ತಿಲ್ಲವಲ್ಲ?"

"ಅಂಕಲ್, ಅದು ಹಳೇ ಮಾಡೆಲ್ಲು. ಈಗಿನ ಮೆಷಿನ್ನಿಗೆ ಅದೆಲ್ಲ ಬೇಕಾಗಲ್ಲ."

"ಪೆಟ್ಟಿಗೇನೂ ಚಿಕ್ಕದು..."

"ನಿಮ್ಮ ಕಾಲದ ರೇಡಿಯೋ ಎಷ್ಟು ದಪ್ಪ ಇತ್ತು? ಈಗಿನ ಫೋನು ಎಷ್ಟಿದೆ? ಹಾಗೇನೇ."

ಮಸಿ ಮಾಮನಿಗೆ ಆ ಮಾತಿನಲ್ಲಿ ಪೂರ್ತಿ ನಂಬಿಕೆ ಬರಲಿಲ್ಲ. ಆದರೆ ಹೀಟ್ ಪಂಪಿನ ಬಗ್ಗೆ ತನಗೆ ಏನು ಗೊತ್ತು? ಓದಿದವನು ಹೇಳುತ್ತಿದ್ದಾನೆ. ಈಗ ಸಂಶಯ ಎತ್ತಿದರೆ, ಇಷ್ಟು ದಿನ ಬೀದಿ ಬೀದಿ ಸಾರಿದವನ ಮುಖ ಎಲ್ಲಿಡುವುದು? ಸುಮ್ಮನಾದ. ಅಷ್ಟೇ ಅಲ್ಲ, ಹಳೆ ಒಲೆಗಳನ್ನು ಗುಜರಿಗೆ ಹೊತ್ತು ಹಾಕಿದ ಮೇಲೆ ಮನೆಮನೆಯ ಚಿಮಣಿಯನ್ನೂ ತಾನೇ ಮುಚ್ಚಿಕೊಟ್ಟ. "ಇಷ್ಟು ವರ್ಷ ಗುಡಿಸಿದ್ದೀನಿ, ಬಾಯಿಗೆ ಕೊನೇ ತುತ್ತು ನಾನೇ ಇಡ್ತೀನಿ" ಎಂದು ನಗೆಯಾಡಿದ. ಒಂದೊಂದು ಇಟ್ಟಿಗೆಯನ್ನೂ ಗಟ್ಟಿಯಾಗಿ ಕೂರಿಸಿದ. ಅವನಿಗೆ ಅರೆಬರೆ ಕೆಲಸ ಮಾಡಿ ಗೊತ್ತಿರಲಿಲ್ಲ.

ಮೊದಲ ಚಳಿ ಬಂದಾಗ ಏನೂ ತೊಂದರೆಯಾಗಲಿಲ್ಲ. ನಿಜವಾದ ಚಳಿ ಇಳಿದ ವಾರ ಬೀದಿ ಕೆಟ್ಟಿತು. ಚಿಕ್ಕ ಪೆಟ್ಟಿಗೆಗಳ ಮೈಯೆಲ್ಲ ಹಿಮ ಕಟ್ಟಿ ಫ್ಯಾನು ತಿರುಗಲಾರದೆ ಗುರುಗುಟ್ಟಿದವು. ರೇಡಿಯೇಟರು ಮುಟ್ಟಿದರೆ ಜ್ವರ ಬಿಟ್ಟ ಮೈಯಂತೆ ಉಗುರುಬೆಚ್ಚಗೆ. ಇದ್ದ ಶಾಖವೂ ಬರಿಯ ಗೋಡೆಗಳಿಂದ ಸೋರಿಹೋಗುತ್ತಿತ್ತು. ಸೋಲಾರ್ ಹಲಗೆಗಳ ಮೇಲೆ ಹಿಮ ಕೂತು ಅವೂ ಕುರುಡಾಗಿದ್ದವು. ಜನ ಕಂಪನಿಗೆ ಫೋನು ಮಾಡಿದರು. ಮೊದಲು ಒಂದು ಹುಡುಗಿಯ ದನಿ ಕಾಯಿರಿ ಎಂದಿತು. ಆಮೇಲೆ ದನಿಯೂ ಇಲ್ಲ. ಬೇಕರಿಯವನು ಬಸ್ಸು ಹಿಡಿದು ಅವರ ಆಫೀಸಿಗೆ ಹೋದ. ಬೀಗ ಜಡಿದಿತ್ತು, ಬೋರ್ಡು ಬಿಚ್ಚಿದ ಗೋಡೆಯಲ್ಲಿ ಮೊಳೆಗಳು ಮಾತ್ರ ಇದ್ದವು.

ಅವನು ಅಲ್ಲಿಂದ ನೇರ ಮಸಿ ಮಾಮನ ಮನೆಗೆ ಬಂದ. ಹಿಂದೆ ಇನ್ನೂ ಕೆಲವರು. ಎಲ್ಲರ ಮೈಮೇಲೆ ಕೋಟು, ಕೋಟಿನ ಮೇಲೆ ಶಾಲು.

"ಕೆಟ್ರೆ ನಿಮ್ಮನ್ನೇ ಕರಿ ಅಂದಿದ್ರಲ್ಲ ಮಾಮ. ಕರೆಯೋಕೆ ಬಂದಿದ್ದೀವಿ."

"ಬನ್ನಿ, ಒಳಗೆ ಬನ್ನಿ. ಬಾಗಿಲಲ್ಲಿ ಯಾಕೆ ನಿಂತ್ರಿ?"

ಅವನು ಅಭ್ಯಾಸಬಲದಿಂದ ಕರೆದ. ಅವರು ಒಳಗೆ ಬಂದರು. ಬಂದವರ ಕನ್ನಡಕಗಳ ಮೇಲೆ ಒಮ್ಮೆಗೇ ಆವಿ ಕಟ್ಟಿತು. ತೆಳ್ಳನೆಯ ಸೀರೆಯುಟ್ಟು, ಬರಿಗಾಲಲ್ಲಿ ನಿಂತು ಹೆಂಡತಿ ಬಟಾಣಿ ಸುಲಿಯುತ್ತಿದ್ದಳು. ಬೇಕರಿಯವನು ಶಾಲು ತೆಗೆದ, ಆಮೇಲೆ ಕೋಟಿನ ಗುಂಡಿ ಬಿಚ್ಚಿದ. ನಿಧಾನವಾಗಿ ಹೋಗಿ ಹೊರಗೋಡೆಗೆ ಅಂಗೈಯಿಟ್ಟ. ರೇಡಿಯೇಟರು ಮುಟ್ಟಿದ. ಜೋಡಿ ಗಾಜನ್ನು ಬೆರಳಿಂದ ತಟ್ಟಿ ನೋಡಿದ.

"ಓಹೋ" ಎಂದ.

"ಅದು ಹಾಗಲ್ಲ, ನನಗೂ ಗೊತ್ತಿರ್ಲಿಲ್ಲ..." ಮಸಿ ಮಾಮನ ನಾಲಿಗೆ ತೊದಲಿತು.

"ಏನು ಗೊತ್ತಿರ್ಲಿಲ್ಲ? ನಿಮ್ಮ ಗೋಡೆಗೆ ಹಾಕಿದ್ದು ನಮ್ಮ ಗೋಡೆಗೆ ಹಾಕ್ಲಿಲ್ಲ ಅಂತ ನಿಮಗೆ ಕಾಣ್ಲಿಲ್ವಾ? ದಿನಾ ನಮ್ಮ ಮಾಡಿನ ಮೇಲೇ ಇದ್ರಲ್ಲ, ಇಟ್ಟಿಗೆ ಮೆತ್ತುತ್ತಾ."

"ಕೇಳ್ದೆ ಕಣಪ್ಪಾ. ಬೇಕಾಗಲ್ಲ ಅಂದ."

"ಕೇಳಿದ್ರಿ. ಅಂದ್ರೆ ಗೊತ್ತಿತ್ತು." ಬೇಕರಿಯವನು ಶಾಲು ಮತ್ತೆ ಸುತ್ತಿಕೊಂಡ. ಗೂಟಕ್ಕೆ ತೂಗುಹಾಕಿದ್ದ ಹಸಿರು ಜಾಕೆಟ್ಟಿನ ಕಡೆ ಬೆರಳು ತೋರಿಸಿ, "ನಮ್ಮೆಲ್ಲರ ಬೆಲೆ ಅಷ್ಟೇನಾ ಮಾಮ?" ಎಂದ.

ಹೆಂಡತಿ ಬಟಾಣಿಯ ಮೊರ ಕೆಳಗಿಟ್ಟು, "ಮಕ್ಕಳನ್ನಾದ್ರೂ ಇಲ್ಲಿಗೆ ಕಳ್ಸಿ, ಬೆಚ್ಚಗೆ ಮಲಗ್ಲಿ" ಎಂದು ಬೇಡಿಕೊಂಡಳು. ಬಂದವರು ಹೊರಗೆ ನಡೆದರು. ಯಾವ ಮನೆಯಿಂದಲೂ ಒಂದು ಮಗುವೂ ಬರಲಿಲ್ಲ.

ಮಸಿ ಮಾಮ ಟೀಚರಮ್ಮನ ಮನೆಗೆ ಓಡಿದ. ಆಕೆ ಹಾಸಿಗೆಯಲ್ಲಿ ಕೋಟು, ಕೈಗವಸು, ಟೋಪಿ ಎಲ್ಲ ತೊಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದರು. ತಿರುಗಿ ನೋಡಿದಾಗ ತುಟಿ ನೀಲಿಗಟ್ಟಿತ್ತು.

"ಟೀಚರಮ್ಮ, ಏಳಿ. ನಮ್ಮನೆಗೆ ಹೋಗೋಣ."

"ಬೇಡ ಕಣೋ. ಇಡೀ ಬೀದಿ ನಡುಗ್ತಿರುವಾಗ ನಾನೊಬ್ಬಳು ನಿನ್ನ ಮನೇಲಿ ಬೆಚ್ಚಗಿದ್ರೆ ನನ್ನನ್ನೂ ನಿನ್ನ ಪಾಲುದಾರಳು ಅಂತಾರೆ." ಸ್ವಲ್ಪ ಉಸಿರು ತೆಗೆದುಕೊಂಡು ಕೇಳಿದರು, "ನೀನು ದುಡ್ಡು ತಗೊಂಡ್ಯಾ?"

"ನೀವೂ ಕೇಳ್ತೀರಾ?"

"ಕೇಳ್ದೆ. ಇಲ್ಲ ಅನ್ನು, ನಂಬ್ತೀನಿ."

"ಇಲ್ಲ."

"ಸರಿ" ಎಂದರು. ಆದರೆ ಗೋಡೆಯ ಕಡೆಗೇ ತಿರುಗಿದರು.

ಅವನು ಸುತ್ತಿಗೆ, ಉಳಿ ಹಿಡಿದು ಆಕೆಯ ಮನೆಯ ಹೆಪ್ಪುಗಟ್ಟಿದ ಮಾಡು ಹತ್ತಿದ. ತಾನೇ ಕೂರಿಸಿದ್ದ ಇಟ್ಟಿಗೆಗಳನ್ನು ಒಡೆಯತೊಡಗಿದ. ಚೆನ್ನಾಗಿ ಕಟ್ಟಿದ್ದರಿಂದ ಬೇಗ ಬಿಡಲಿಲ್ಲ. ಬೆರಳ ಗಂಟುಗಳು ಸೀಳಿ ರಕ್ತ ಬಂತು. ಗುಜರಿಯವನ ಕೈಕಾಲು ಹಿಡಿದು ಒಂದು ಹಳೆ ಕಬ್ಬಿಣದ ಒಲೆ ತಂದು ಕೂರಿಸಿ, ಬೆಂಕಿ ಹಚ್ಚಿದ. ಕೋಣೆ ಬೆಚ್ಚಗಾಯಿತು. ಆದರೆ ಅಷ್ಟು ಹೊತ್ತಿಗೆ ಚಳಿ ಆಕೆಯ ಶ್ವಾಸಕೋಶಕ್ಕೆ ಇಳಿದಾಗಿತ್ತು. ಆಂಬುಲೆನ್ಸಿನವರು ಸ್ಟ್ರೆಚರಿನಲ್ಲಿ ಹೊತ್ತೊಯ್ದರು. ಆಸ್ಪತ್ರೆಯಿಂದ ಟೀಚರಮ್ಮ ಹಿಂತಿರುಗಲಿಲ್ಲ.

ಮಣ್ಣಿಗೆ ಬೀದಿಗೆ ಬೀದಿಯೇ ಬಂದಿತ್ತು. ಮಸಿ ಮಾಮ ಮತ್ತು ಅವನ ಹೆಂಡತಿ ನಿಂತಿದ್ದ ಕಡೆ ಮಾತ್ರ ಸುತ್ತ ಜಾಗ ಖಾಲಿ ಬಿದ್ದಿತ್ತು.

ಆಮೇಲೆ ಅವನು ಯಾರೂ ಕರೆಯದಿದ್ದರೂ ಮನೆಮನೆಗೆ ಹೋದ. ಬಾಗಿಲು ತಟ್ಟಿ, "ಚಿಮಣಿ ತೆರೆದುಕೊಡ್ತೀನಿ" ಎನ್ನುತ್ತಿದ್ದ. ಮನೆಯವರು ಪಕ್ಕಕ್ಕೆ ಸರಿಯುತ್ತಿದ್ದರು. ಮಾಡು ಹತ್ತಿ ಒಡೆದು, ಇಳಿದು, ಬಿದ್ದ ಮಸಿ ಗುಡಿಸಿ ಹೋಗುತ್ತಿದ್ದ. ಹಿಂದೆಲ್ಲ ಗುಡಿಸಲು ಬಂದವನಿಗೆ ಕೇಳದೆಯೇ ಕೈಗೆ ಬರುತ್ತಿದ್ದ ಬಿಸಿ ಕಾಫಿ ಈಗ ಯಾವ ಮನೆಯಲ್ಲೂ ಬರಲಿಲ್ಲ. ಜನ ಎಲ್ಲೆಲ್ಲಿಂದಲೋ ಒಲೆ ಹೊಂದಿಸಿಕೊಂಡರು. ಕಲ್ಲಿದ್ದಲು ಇಲ್ಲದೆ ಸಿಕ್ಕಿದ್ದನ್ನೆಲ್ಲ ಉರಿಸಿದರು: ಹಸಿ ಸೌದೆ, ಮುರಿದ ಕುರ್ಚಿ, ಬಣ್ಣ ಬಳಿದ ಹಲಗೆ. ಬೀದಿಯ ಮೇಲೆ ಹಿಂದೆಂದೂ ಇಲ್ಲದಂಥ ಕಟುವಾದ ಹೊಗೆ ಕವಿಯಿತು.

ಜೋಡಿ ಗಾಜನ್ನು ಎಷ್ಟು ಬಿಗಿಯಾಗಿ ಮುಚ್ಚಿದರೂ ಬಾಗಿಲು ತೆಗೆಯಲೇಬೇಕಲ್ಲ. ಹೆಂಡತಿಗೆ ಮತ್ತೆ ಕೆಮ್ಮು ಬಂದಿತು. ದಿಂಬಿಗೆ ದಿಂಬು ಸೇರಿತು. ಒಂದು ಬೆಳಿಗ್ಗೆ ಅವನು ಸುತ್ತಿಗೆ ಹಿಡಿದು ಹೊರಟವನು ಬಾಗಿಲಲ್ಲೇ ನಿಂತ. ಇನ್ನೂ ಕೆಲವು ಮನೆಗಳ ಚಿಮಣಿಗಳು ತೆರೆಯಲು ಉಳಿದಿದ್ದವು.

"ಯಾಕೆ ನಿಂತ್ರಿ?" ಎಂದಳು ಹೆಂಡತಿ.

"ನಾನು ತೆರೆದ ಒಂದೊಂದು ಚಿಮಣಿ ಹೊಗೆನೂ ನಿನ್ನ ಎದೆಗೆ ಬರ್ತಿದೆ."

"ಹಾಗಂತ ಅವರನ್ನ ಚಳೀಲಿ ಸಾಯಿಸ್ತೀರಾ? ನನ್ನ ಕೆಮ್ಮಿನ ನೆಪದಲ್ಲಿ ಆ ಪಾಪ ನನ್ನ ತಲೆಗೆ ಕಟ್ಟಬೇಡಿ. ಹೋಗಿ, ಮುಗ್ಸಿ ಬನ್ನಿ." ಅವಳ ದನಿಯಲ್ಲಿ ಮೆತ್ತಗಿನದೇನೂ ಇರಲಿಲ್ಲ. ಅವನು ಹೋದ.

ಆ ದಿನಗಳಲ್ಲಿ ಅವನು ತನ್ನ ಮನೆಯ ಯಂತ್ರವನ್ನೂ ಆರಿಸಿ ಕೂರುತ್ತಿದ್ದ. ಅವಳು ಎದ್ದು ಹೋಗಿ ಹಾಕುತ್ತಿದ್ದಳು. ಅವನು ಮತ್ತೆ ಆರಿಸುತ್ತಿದ್ದ. ಕೊನೆಗೆ ಅವಳು ರೇಗಿದಳು. "ನೀವು ನಡುಗ್ತಾ ಕೂತ್ರೆ ಯಾರ ಮನೆ ಬೆಚ್ಚಗಾಗುತ್ತೆ? ಯಾರಿಗೆ ತೋರಿಸ್ತಿದ್ದೀರಿ ಇದನ್ನ?" ಅಂಗಡಿಗೆ ಹೋದರೆ ತನ್ನ ಸರದಿ ಬಂದಾಗ ಅಂಗಡಿಯವನು ಒಳಗೆ ಹೋಗಿಬಿಡುತ್ತಾನೆ ಎಂದು ಅವಳು ಗಂಡನಿಗೆ ಹೇಳಿರಲಿಲ್ಲ. ಬಸ್ಸು ಹತ್ತಿ ಬೇರೆ ಬೀದಿಯಿಂದ ಸಾಮಾನು ತರುತ್ತಿದ್ದಳು. ಆ ಚಳಿಗಾಲ ಮುಗಿಯುವುದರೊಳಗೆ ಅವಳ ತಂಗಿ ಸಮುದ್ರದ ಕಡೆಯ ಊರಿನಿಂದ ಬಂದು ಅಕ್ಕನ ಸ್ಥಿತಿ ನೋಡಿ ಬಾಯಿಗೆ ಸೆರಗು ಹಚ್ಚಿಕೊಂಡಳು.

"ಭಾವ, ಅಕ್ಕನ್ನ ಕರ್ಕೊಂಡು ಹೋಗ್ತೀನಿ. ನೀವೂ ಬನ್ನಿ."

"ನಾನು ಬರಲ್ಲಮ್ಮ. ಎಲ್ಲಿಗೂ ಹೋಗಲ್ಲ ಅಂತ ಈ ಬೀದಿಯವರಿಗೆ ಮಾತು ಕೊಟ್ಟಿದ್ದೀನಿ."

"ಆ ಮಾತು ಅವರಿಗೆ ಬೇಕಾಗಿದ್ಯಾ?" ಎಂದಳು ಹೆಂಡತಿ, ಚೀಲಕ್ಕೆ ಬಟ್ಟೆ ತುಂಬುತ್ತ.

ಅವನು ಉಳಿದ. ನಗರಸಭೆಗೆ ಅಲೆದ. ಅಲ್ಲಿ ಕೂತವರು ತಪ್ಪನ್ನು ಕಂಪನಿಯ ಮೇಲೆ ಹಾಕಿದರು. ಕಂಪನಿ ಎಲ್ಲಿದೆ ಎಂದರೆ ಮೇಲೆ ನೋಡಿದರು. ಬೇಕರಿಯವನೂ ಇತರರೂ ಬೇರೆಯಾಗಿ ಅಲೆಯುತ್ತಿದ್ದರು. ಒಂದೇ ಕೆಲಸಕ್ಕೆ, ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು ಕಾದರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇನ್ನೊಂದು ಚಳಿಗಾಲ ಹೊಗೆಯಲ್ಲೇ ಕಳೆಯಿತು. ಅದಾದ ಮೇಲೆ ಬೇರೆ ಗುತ್ತಿಗೆದಾರರು ಬಂದರು. ಗೋಡೆಗಳಿಗೆ ಹಾಸು ಮೆತ್ತಿದರು, ಕಿಟಕಿ ಬದಲಿಸಿದರು, ಸರಿಯಾದ ಪೆಟ್ಟಿಗೆ ಕೂರಿಸಿದರು. ಬಿಟ್ಟುಹೋಗಿದ್ದನ್ನೆಲ್ಲ ಮತ್ತೆ ಮೊದಲಿನಿಂದ ಮಾಡಿದರು. ಚಿಮಣಿಗಳನ್ನು ಮುಚ್ಚಲು ಅವರದೇ ಗಾರೆಯವರಿದ್ದರು. ಮಸಿ ಮಾಮ ತನ್ನ ಕಿಟಕಿಯಲ್ಲಿ ನಿಂತು ನೋಡಿದ. ಗಾರೆಯವರು ಇಟ್ಟಿಗೆಗಳನ್ನು ಓರೆಯಾಗಿ ಕೂರಿಸುತ್ತಿದ್ದರು.

ಮುಂದಿನ ಚಳಿಗಾಲ ಬೀದಿಯ ಆಕಾಶ ತೊಳೆದಿಟ್ಟಂತೆ ಇತ್ತು. ಮನೆಗಳೆಲ್ಲ ಬೆಚ್ಚಗಿದ್ದವು. ಮಕ್ಕಳು ಒಳಗೆ ಬರಿಗಾಲಲ್ಲಿ ಓಡಾಡಿದರು. ಜನ ಹೀಟ್ ಪಂಪನ್ನು ಹೊಗಳಿದರು. ಹೊಸ ಗುತ್ತಿಗೆದಾರರನ್ನು ಹೊಗಳಿದರು. ಮಸಿ ಮಾಮ ಹೇಳಿದ್ದು ಕೊನೆಗೂ ನಿಜವಾಯಿತಲ್ಲ ಎಂದು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಗುಡಿಸಲು ಒಂದು ಚಿಮಣಿಯೂ ಇರದ ಬೀದಿಯಲ್ಲಿ ಅವನು ಹಗಲೆಲ್ಲ ಮನೆಯೊಳಗೇ ಕೂರುತ್ತಿದ್ದ. ಹೆಂಡತಿಗೆ ಫೋನು ಮಾಡಿ ಹೇಳಿದ.

"ಈಗ ಹೊಗೆಯಿಲ್ಲ ಕಣೇ. ಒಂದಿಷ್ಟೂ ಇಲ್ಲ. ಬಾ."

"ಹೊಗೆಯಿಲ್ಲ, ಸರಿ. ಬಂದು ಯಾರ ಮನೆ ಜಗಲೀಲಿ ಕೂರ್ಲಿ? ಯಾರ ಹತ್ರ ಮಾತಾಡ್ಲಿ? ನೀವೇ ಬನ್ನಿ."

ಅವನು ಆ ಚಳಿಗಾಲ ಮುಗಿಯುವವರೆಗೆ ಇದ್ದ. ಮಕ್ಕಳಾದರೂ ಮೊದಲಿನಂತೆ ಕೂಗುತ್ತಾರೇನೋ ಎಂದು ಕಾದ. ಅವು ಬೆಳೆದಿದ್ದವು, ಎದುರಾದರೆ ಆಚೆ ಬದಿಗೆ ದಾಟುವುದನ್ನು ಮನೆಯಲ್ಲಿ ಕಲಿತಿದ್ದವು. ಹಗ್ಗ, ಗುಂಡು, ಬ್ರಷ್ಷುಗಳನ್ನು ಗುಜರಿಯವನಿಗೆ ಕೊಟ್ಟು, ಮನೆಗೆ ಒಂದು ಬಾಡಿಗೆ ಸಂಸಾರ ಹುಡುಕಿ, ಒಂದು ಬೆಳಿಗ್ಗೆ ಪೆಟ್ಟಿಗೆ ಹಿಡಿದು ಹೊರಟ.

ಬೀದಿಯ ಮೂಲೆಯಲ್ಲಿ ಬೇಕರಿಯವನು ಷಟರ್ ಎತ್ತುತ್ತಿದ್ದ. ಪೆಟ್ಟಿಗೆ ನೋಡಿ ಕೈ ನಿಲ್ಲಿಸಿದ. ಅಷ್ಟು ದಿನಗಳಲ್ಲಿ ಅವನಾಗಿ ಮಾತಾಡಿದ್ದು ಅದೇ ಮೊದಲು.

"ಮನೆ ಏನು ಮಾಡಿದ್ರಿ?"

"ಬಾಡಿಗೆಗೆ ಕೊಟ್ಟೆ."

ಬೇಕರಿಯವನು ತಲೆಯಾಡಿಸಿದ. "ಒಳ್ಳೆ ಮನೆ. ಬೇಗ ಹೋಗಿರುತ್ತೆ" ಎಂದು ಹೇಳಿ, ಷಟರನ್ನು ಪೂರ್ತಿ ಮೇಲಕ್ಕೆ ತಳ್ಳಿ ಒಳಗೆ ಹೋದ.

ಮಸಿ ಮಾಮ ಇನ್ನೂ ಒಂದು ಮಾತು ಬರಬಹುದೆಂದು ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದ. ಒಳಗಿನಿಂದ ತಟ್ಟೆಗಳನ್ನು ಎಳೆಯುವ ಸದ್ದು ಕೇಳಿಸಿತು. ಬಸ್ಸು ಬಂದಿತು, ಹತ್ತಿದ.